ವಿವಿ ಮ್ಯೂಸಿಯಂ ಬೀಗದ ಕೈ ನನ್ನ ಕೈಗೆ ಬಂದಿದೆ, ಎಲ್ಲಿಂದ ಶುರು ಮಾಡಲಿ?

ಕಲ್ಪತರು_ನಾಡು

ಎಲ್ಲರಿಗೂ ನಮಸ್ಕಾರ. ಮನೆ ತುಮಕೂರು, ಕೆಲಸ ಒಂದು ವಿಶ್ವವಿದ್ಯಾಲಯದ ಇತಿಹಾಸ ವಿಭಾಗದಲ್ಲಿ. ಯಾವುದು ಅಂತ ಕೇಳಬೇಡಿ. ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಮೇಷ್ಟ್ರು ನಿವೃತ್ತರಾದರು, ಬೀಗದ ಕೈ ನನಗೆ ಬಂತು. ನಾನು ಓದಿದ್ದು ಆಧುನಿಕ ಇತಿಹಾಸ. ಕಲ್ಲು, ಮಡಕೆ ಎಲ್ಲಾ ಎಂ.ಎ.ಯಲ್ಲಿ ಒಂದು ಪೇಪರ್ ಓದಿದ್ದಷ್ಟೇ.

ಒಳಗೆ ಇರುವುದು ಇಷ್ಟು. ವೀರಗಲ್ಲು, ಮಾಸ್ತಿಕಲ್ಲು ಸೇರಿ ಹದಿನಾಲ್ಕು, ಅದರಲ್ಲಿ ಅರ್ಧ ವರಾಂಡದಲ್ಲಿ ಮಳೆ ನೀರು ಸಿಡಿಯುವ ಜಾಗದಲ್ಲಿವೆ. ಸಿಮೆಂಟ್ ಚೀಲಗಳಲ್ಲಿ ಮಡಕೆ ಚೂರು. ಒಂದು ಟ್ರೇ ತುಂಬ ಕಲ್ಲಿನ ಕೈಕೊಡಲಿಗಳು, ಮೇಲೆ ಹಳದಿಯಾದ ಚೀಟಿ, "ಕಿಬ್ಬನಹಳ್ಳಿ" ಅಂತ ಬರೆದಿದೆ. ಬಿಸ್ಕೆಟ್ ಟಿನ್ನಿನಲ್ಲಿ ತಾಮ್ರದ ನಾಣ್ಯ. ಮೂರು ಕಟ್ಟು ಓಲೆಗರಿ. ಒಂದು ಕಬ್ಬಿಣದ ಬೀರು ತುಂಬ ಶಾಸನದ ಪಡಿಯಚ್ಚು (ಕಲ್ಲಿನ ಮೇಲೆ ಕಾಗದ ಒತ್ತಿ ತೆಗೆದ ಅಕ್ಷರದ ಪ್ರತಿ), ಉತ್ಖನನದ ನೋಟ್‌ಬುಕ್, ಫೋಟೋ ನೆಗೆಟಿವ್. ರಿಜಿಸ್ಟರ್ ಒಂದಲ್ಲ, ಎರಡು. ಮೊದಲನೆಯದು 212ಕ್ಕೆ ನಿಂತಿದೆ. ಎರಡನೆಯದು ಬೇರೆ ಕೈಬರಹ, ಮತ್ತೆ 1ರಿಂದ ಶುರು!

ವಿವಿಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವುದಿದೆ. ಮೇಲಿನವರು "ಎಲ್ಲಾ ಡಿಜಿಟಲ್ ಮಾಡಿ, ಹೊಸ ನಂಬರ್ ಹಾಕಿ, ಹಳೇ ಚೀಟಿ ಕಿತ್ತು ಎಸೆಯಿರಿ, ನೀಟಾಗಿ ಕಾಣಬೇಕು" ಅಂದಿದ್ದಾರೆ. ನಮ್ಮ ಅಟೆಂಡರ್ ಪಾಪ ಒಳ್ಳೆಯ ಮನಸ್ಸಿನಿಂದಲೇ ಹತ್ತು ನಾಣ್ಯಕ್ಕೆ ಹುಣಸೆಹಣ್ಣು, ಉಪ್ಪು ಹಾಕಿ ದೇವರ ಸಾಮಾನಿನ ಥರ ಫಳಫಳ ಉಜ್ಜಿಟ್ಟಿದ್ದಾರೆ. ನನ್ನ ಪ್ರಶ್ನೆ ಇಷ್ಟೇ, ಯಾವ ಸಾಫ್ಟ್‌ವೇರ್ ತೆಗೆದುಕೊಳ್ಳಲಿ?

ಉಗ್ರಾಣದವನು

ಸಾರ್, ಸಾಫ್ಟ್‌ವೇರ್ ಕೊನೆಗೆ. ಬೇಕೇ ಬೇಕು ಅಂದರೆ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ, ಪುಣೆಯ ಸಿ-ಡ್ಯಾಕ್ ಮಾಡಿರುವ ಜತನ್ ಇದೆ, ಕೇಂದ್ರ ಸರ್ಕಾರದ ಮ್ಯೂಸಿಯಂಗಳಲ್ಲಿ ಅದನ್ನೇ ಬಳಸುತ್ತಾರೆ. ಆದರೆ ಈಗಿರುವ ಗೊಂದಲವನ್ನು ಹಾಗೇ ಕಂಪ್ಯೂಟರಿಗೆ ತುಂಬಿದರೆ ಕಂಪ್ಯೂಟರಿನಲ್ಲೂ ಗೊಂದಲವೇ ಇರುತ್ತದೆ. ಸದ್ಯಕ್ಕೆ ಎಕ್ಸೆಲ್ ಸಾಕು.

ಮೊದಲು ಚೀಟಿ ಎಸೆಯುವುದನ್ನು ನಿಲ್ಲಿಸಿ. ಇವತ್ತೇ. ಕಿಬ್ಬನಹಳ್ಳಿ ತಿಪಟೂರು ತಾಲೂಕಿನ ಹಳೆ ಶಿಲಾಯುಗದ ಹೆಸರಾದ ನೆಲೆ. ಆ ಚೀಟಿ ಇದ್ದರೆ ಟ್ರೇನಲ್ಲಿರುವುದು ಲಕ್ಷಾಂತರ ವರ್ಷ ಹಿಂದಿನ ಮನುಷ್ಯರ ಕೈಕೆಲಸ, ಇಂಥ ಜಾಗದ್ದು ಅಂತ ಹೇಳಬಹುದು. ಚೀಟಿ ಹೋದರೆ ಚೆಂದದ ಆಕಾರದ ಕಲ್ಲು, ಅಷ್ಟೇ. ಮಡಕೆ ಚೂರಿಗೂ ಇದೇ ಕಥೆ. ಚೀಲದ ಮೇಲೆ "ಟ್ರೆಂಚ್ 2, ಲೇಯರ್ 4" (ಎರಡನೇ ಅಗೆದ ಗುಂಡಿ, ನಾಲ್ಕನೇ ಮಣ್ಣಿನ ಪದರ) ಅಂತಿದ್ದರೆ ಅದರ ಅರ್ಥ ಬೀರುವಿನಲ್ಲಿರುವ ನೋಟ್‌ಬುಕ್ಕಿನಲ್ಲಿ ಮಾತ್ರ ಸಿಗುತ್ತದೆ. ಅದಕ್ಕೇ ವಸ್ತು ಬೇರೆ, ಕಾಗದ ಬೇರೆ ಅಂತ ಎರಡು ಪಟ್ಟಿ ಮಾಡಬೇಡಿ. ಒಂದೇ ಪಟ್ಟಿ, ಒಂದು ಕಾಲಂನಲ್ಲಿ ಯಾವ ನೋಟ್‌ಬುಕ್, ಎಷ್ಟನೇ ಪುಟ ಅಂತ ಬರಲಿ.

ನಂಬರ್ ವಿಷಯ. ಹಳೇ ನಂಬರ್ ಅಳಿಸಲೇಬೇಡಿ. ಮೊದಲ ರಿಜಿಸ್ಟರ್ ಎ, ಎರಡನೆಯದು ಬಿ ಅನ್ನಿ. ಆಗ ಎ-57, ಬಿ-57 ಬೇರೆ ಬೇರೆ ಆಯಿತು, ಜಗಳವೇ ಇಲ್ಲ. ಯಾವ ರಿಜಿಸ್ಟರಿನಲ್ಲೂ ಸಿಗದ ವಸ್ತುವಿಗೆ ತಾತ್ಕಾಲಿಕ ನಂಬರ್ ಕೊಡಿ, ಮುಂದೆ "ತಾ" ಸೇರಿಸಿ. ಇನ್ನು ಮುಂದೆ ಬರುವುದಕ್ಕೆ ವರ್ಷ, ಆ ವರ್ಷದ ಎಷ್ಟನೇ ಕಂತು, ಕಂತಿನಲ್ಲಿ ಎಷ್ಟನೇ ವಸ್ತು, ಹೀಗೆ ಮೂರು ತುಂಡಿನ ನಂಬರ್ ಇಟ್ಟುಕೊಳ್ಳಿ. ಪರಿಶೀಲನೆಯನ್ನು ಎರಡೂ ಕಡೆಯಿಂದ ಮಾಡಿ. ಕಪಾಟಿನಿಂದ ವಸ್ತು ತೆಗೆದು ಪುಸ್ತಕದಲ್ಲಿ ಹುಡುಕುವುದು ಒಂದು, ಪುಸ್ತಕ ಹಿಡಿದು ಕಪಾಟಿನಲ್ಲಿ ಹುಡುಕುವುದು ಇನ್ನೊಂದು. ಕಾಣೆಯಾದದ್ದು ಗೊತ್ತಾಗುವುದು ಎರಡನೆಯದರಲ್ಲೇ, ಅದಕ್ಕೇ ಎಲ್ಲರೂ ಅದನ್ನು ತಪ್ಪಿಸುತ್ತಾರೆ 😄

ವಸ್ತುವಿನ ಮೇಲೆ ಎನಾಮಲ್ ಪೇಂಟಿನಲ್ಲಿ ಬರೆಯಬೇಡಿ. ನಾನು ನೋಡಿದ ಒಂದು ವೀರಗಲ್ಲಿನಲ್ಲಿ ವೀರನ ಎದೆ ಮೇಲೇ ಕೆಂಪು ಬಣ್ಣದ 38! ಪ್ಯಾರಲಾಯ್ಡ್ ಬಿ-72 ಅನ್ನೋ ರಾಳವನ್ನು ಅಸಿಟೋನ್‌ನಲ್ಲಿ ಕರಗಿಸಿ, ಚೂರಿನ ಒಳಮೈಯಲ್ಲಿ ಬೆರಳುಗುರಿನಷ್ಟು ಜಾಗಕ್ಕೆ ಹಚ್ಚಿ, ಒಣಗಿದ ಮೇಲೆ ಬರೆದು, ಮೇಲೆ ಇನ್ನೊಂದು ಪದರ ಕೊಡುತ್ತಾರೆ. ಬೇಡ ಅಂದಾಗ ಅಸಿಟೋನ್‌ನಿಂದಲೇ ತೆಗೆಯಬಹುದು. ಒಡೆದ ಅಂಚಿನ ಮೇಲೆ ಬರೆಯಬೇಡಿ, ಮುಂದೆ ಯಾರಾದರೂ ಚೂರು ಜೋಡಿಸಬೇಕು. ದೊಡ್ಡ ಕಲ್ಲಿಗೆ, ಓಲೆಗರಿಗೆ ದಾರದಲ್ಲಿ ಟ್ಯಾಗ್ ಕಟ್ಟಿ.

ಇನ್ನು ಆ ನಾಣ್ಯಗಳು. ಹುಣಸೆಹಣ್ಣಿಗಿಂತ ಉಪ್ಪು ನನಗೆ ಜಾಸ್ತಿ ಹೆದರಿಕೆ. ಅದರ ಕ್ಲೋರೈಡ್ ತಾಮ್ರದೊಳಗೆ ಸೇರಿಕೊಂಡರೆ ಗಾಳಿಯಲ್ಲಿರುವ ತೇವ ಸಾಕು, ತೆಳು ಹಸಿರು ಪುಡಿ ಏಳುತ್ತಾ ಲೋಹವನ್ನು ಒಳಗಿನಿಂದಲೇ ತಿನ್ನುತ್ತದೆ. ಉಜ್ಜಿದ ಹತ್ತನ್ನು ಬೇರೆ ಮಾಡಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ, ವಾರಕ್ಕೊಮ್ಮೆ ನೋಡಿ. ಪುಡಿ ಕಂಡರೆ ನೀವೇ ಏನೂ ಮಾಡಬೇಡಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಪರಂಪರೆ ಉಳಿಸುವ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಯವರ ಸಂರಕ್ಷಣಾ ಕೇಂದ್ರ ಇದೆ, ಅಲ್ಲಿ ಕೇಳಿ. ಅಟೆಂಡರಿಗೆ ಬೈಯಬೇಡಿ. ಅವರಿಗೆ ಯಾರೂ ಹೇಳಿರಲಿಲ್ಲ, ಅಲ್ವಾ?

ನಂದಿ_ತಪ್ಪಲು

ಉಗ್ರಾಣದವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ, ನಾನು ಚಿಕ್ಕಬಳ್ಳಾಪುರದವಳು, ಇದರಲ್ಲಿ ಚೆನ್ನಾಗಿ ಪೆಟ್ಟು ತಿಂದಿದ್ದೇನೆ. ಊರಿನ ಹೆಸರಿಗೆ ಎರಡು ಕಾಲಂ ಇಡಿ. ಒಂದರಲ್ಲಿ ಚೀಟಿಯಲ್ಲಿ ಇದ್ದದ್ದು ಇದ್ದ ಹಾಗೆ, ತಪ್ಪು ಕಾಗುಣಿತವಿದ್ದರೂ ಸರಿ. ಇನ್ನೊಂದರಲ್ಲಿ ಈಗಿನ ಹಳ್ಳಿ, ತಾಲೂಕು, ಜಿಲ್ಲೆ. ನಮ್ಮ ಜಿಲ್ಲೆ ಆದದ್ದೇ 2007ರಲ್ಲಿ. ಅದಕ್ಕೂ ಹಿಂದಿನ ಚೀಟಿಗಳಲ್ಲಿ ಬಾಗೇಪಲ್ಲಿ, ಗೌರಿಬಿದನೂರು ಎಲ್ಲಾ ಕೋಲಾರ ಜಿಲ್ಲೆ. ನನ್ನ ವಿದ್ಯಾರ್ಥಿಯೊಬ್ಬ ಅದನ್ನೆಲ್ಲ "ಸರಿ" ಮಾಡಿಬಿಟ್ಟಿದ್ದ. ಹಳೇ ವರದಿಗೂ ನಮ್ಮ ಪಟ್ಟಿಗೂ ತಾಳೆ ಹಾಕಲು ಆರು ತಿಂಗಳು ಹಿಡಿಯಿತು.

ಪಡಿಯಚ್ಚುಗಳಿಗೂ ಹೀಗೇ. ಬಿ.ಎಲ್. ರೈಸ್ ಅವರ ಶಾಸನ ಸಂಪುಟಗಳಾದ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ತುಮಕೂರು ಜಿಲ್ಲೆಯದು 12ನೇ ಸಂಪುಟ, 1904. ಕೋಲಾರದ್ದು 10ನೇ ಸಂಪುಟ, 1905, ನಮ್ಮ ಶಾಸನಗಳೂ ಅದರಲ್ಲೇ. ಅಲ್ಲಿ ನಂಬರ್ ಪ್ರತಿ ತಾಲೂಕಿಗೂ ಮತ್ತೆ 1ರಿಂದ ಶುರುವಾಗುತ್ತದೆ. ಹಾಗಾಗಿ ಪಡಿಯಚ್ಚಿನ ಮೂಲೆಯಲ್ಲಿ ಬರೀ 27 ಅಂತಿದ್ದರೆ ಶಿರಾದ 27ಓ, ಪಾವಗಡದ 27ಓ ಹೇಳಲಾಗುವುದಿಲ್ಲ. ಪಕ್ಕದಲ್ಲಿ ತಾಲೂಕಿನ ಗುರುತಿನ ಅಕ್ಷರ ಇದೆಯಾ ನೋಡಿ. ಇನ್ನೊಂದು, ಕೋಲಾರ ಸಂಪುಟದಲ್ಲಿ ಚೋಳರ ಕಾಲದ ತಮಿಳು ಶಾಸನಗಳು ಬೇಕಾದಷ್ಟಿವೆ. ನಮ್ಮಲ್ಲಿ "ಅಕ್ಷರ ಸವೆದಿದೆ, ಓದಲಾಗದು" ಅಂತ ಬರೆದಿಟ್ಟ ಒಂದು ಹಾಳೆ ಸವೆದೇ ಇರಲಿಲ್ಲ. ತಮಿಳು ಅಕ್ಷರ, ಅದೂ ತಲೆಕೆಳಗಾಗಿ ಹಿಡಿದು ನೋಡಿದ್ದರು.

ಪಡಿಯಚ್ಚನ್ನು ನ್ಯೂಸ್‌ಪೇಪರ್ ನಡುವೆ ಇಡಬೇಡಿ, ಆ ಕಾಗದದ ಆಮ್ಲ ಇದಕ್ಕೂ ಹತ್ತುತ್ತದೆ. ಚೆನ್ನಾಗಿ ಒಗೆದ ಬಿಳಿ ಹತ್ತಿ ಬಟ್ಟೆ ಸಾಕು. ಹರಿದರೆ ಸೆಲ್ಲೋಟೇಪ್ ಹಾಕುವವರ ಕೈ ಕಟ್ಟಿಹಾಕಿ.

ಬಂಗಾರಪೇಟೆ_ಲೋಕಲ್

ಎಲ್ಲಾ ಸರಿ, ಆದರೆ ನ್ಯಾಕ್‌ನವರು ಬರುವಷ್ಟರಲ್ಲಿ ಇದೆಲ್ಲ ಆಗುತ್ತಾ? ಸುಮ್ನೆ ಎಲ್ಲದರ ಫೋಟೋ ತೆಗೆದು ಒಂದು ವೆಬ್‌ಸೈಟ್ ಮಾಡಿ ತೋರಿಸಿ, ಆಮೇಲೆ ನಿಧಾನಕ್ಕೆ ಮಾಡಿ.

ಉಗ್ರಾಣದವನು

ಆ "ಆಮೇಲೆ" ಬರುವುದೇ ಇಲ್ಲ ಸ್ವಾಮಿ. ಅದರ ಬದಲು ಒಂದೇ ಕಪಾಟು ಪೂರ್ತಿ ಮುಗಿಸಿ ತೋರಿಸಲಿ. ಸಾಂಸ್ಕೃತಿಕ ಆಸ್ತಿಗಳ ಸಂರಕ್ಷಣೆಗೆಂದು ರೋಮ್‌ನಲ್ಲಿರುವ ಇಕ್ರಾಮ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಚಿಕ್ಕ ಮ್ಯೂಸಿಯಂಗಳ ಉಗ್ರಾಣಕ್ಕೆಂದೇ ರೀ-ಆರ್ಗ್ ಅಂತ ಒಂದು ವಿಧಾನ ಮಾಡಿದೆ, ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಅದರ ಎರಡು ಮಾತು ನನಗೆ ಇಷ್ಟ. ಯಾವ ವಸ್ತು ಕೇಳಿದರೂ 3 ನಿಮಿಷದಲ್ಲಿ ಸಿಗಬೇಕು. ಅದನ್ನು ತೆಗೆಯಲು 2ಕ್ಕಿಂತ ಹೆಚ್ಚು ವಸ್ತು ಸರಿಸುವ ಹಾಗಿರಬಾರದು. ಬಂದವರ ಮುಂದೆ ಗಡಿಯಾರ ಇಟ್ಟು "ನಂಬರ್ ಹೇಳಿ ಸಾರ್" ಅನ್ನಿ. ವೆಬ್‌ಸೈಟಿಗಿಂತ ಇದು ಮನಸ್ಸಿಗೆ ನಾಟುತ್ತದೆ.

ಫೋಟೋ ತೆಗೆಯುವಾಗ ಅಕ್ಷರ ಕಾಣಲಿ ಅಂತ ಕಲ್ಲಿಗೆ ಮೈದಾ, ಸೀಮೆಸುಣ್ಣ ಬಳಿಯುವ ಚಾಳಿ ಇದೆ, ಅದು ಬೇಡ. ಕತ್ತಲಾದ ಮೇಲೆ ಪಕ್ಕದಿಂದ ಓರೆಯಾಗಿ ಟಾರ್ಚ್ ಹಿಡಿಯಿರಿ, ಅಕ್ಷರ ತಾನಾಗೇ ಏಳುತ್ತವೆ.

ಕಲ್ಪತರು_ನಾಡು

ಎಲ್ಲರಿಗೂ ಥ್ಯಾಂಕ್ಸ್. ಚೀಟಿಗಳು ಉಳಿದವು, ಮೇಲಿನವರಿಗೆ "ಇವೇ ದಾಖಲೆ, ಎಸೆದರೆ ಆಡಿಟ್ ಆಬ್ಜೆಕ್ಷನ್ ಬರುತ್ತದೆ" ಅಂದೆ, ಆಡಿಟ್ ಅನ್ನೋ ಪದಕ್ಕೆ ಸುಮ್ಮನಾದರು. ಹೊಸ ತಲೆನೋವು ಈಗ. ಶಿರಾ ಕಡೆಯ ಒಂದು ಹಳ್ಳಿಯವರು ಬಂದು ವರಾಂಡದಲ್ಲಿರುವ ಒಂದು ವೀರಗಲ್ಲು ನಮ್ಮದು, ಹಬ್ಬಕ್ಕೆ ಪೂಜೆ ಮಾಡುತ್ತಿದ್ದೆವು, ವಾಪಸ್ ಕೊಡಿ ಅನ್ನುತ್ತಿದ್ದಾರೆ. ರಿಜಿಸ್ಟರಿನಲ್ಲಿ ಬರೀ "ವೀರಗಲ್ಲು, ಒಂದು" ಅಂತಿದೆ. ಏನು ಹೇಳಲಿ?

ನಂದಿ_ತಪ್ಪಲು

ನೀವೊಬ್ಬರೇ ಹೂಂ ಅನ್ನಬೇಡಿ, ಉಹೂಂ ಅಂತಲೂ ಅನ್ನಬೇಡಿ. ನೂರು ವರ್ಷ ದಾಟಿದ ಕಲ್ಲಿನ ಶಿಲ್ಪ 1972ರ ಪುರಾವಸ್ತು ಕಾಯ್ದೆ ಪ್ರಕಾರ ಪುರಾವಸ್ತು. ವಿವಿಯಿಂದ ಮೈಸೂರಿನಲ್ಲಿರುವ ರಾಜ್ಯ ಪುರಾತತ್ವ ಇಲಾಖೆಗೆ ಕಾಗದ ಬರೆಸಿ, ತೀರ್ಮಾನ ಅಲ್ಲಿಂದ ಬರಲಿ. ಆದರೆ ಹಳ್ಳಿಯವರನ್ನು ಬರಿಗೈಲಿ ಕಳಿಸಬೇಡಿ. ಕೂರಿಸಿ, ಕಾಫಿ ಕೊಟ್ಟು, ಕೇಳಿ ಬರೆದುಕೊಳ್ಳಿ. ಕಲ್ಲು ಎಲ್ಲಿ ನಿಂತಿತ್ತು, ಯಾವ ದಿಕ್ಕಿಗೆ ಮುಖ, ಏನಂತ ಕರೆಯುತ್ತಿದ್ದರು, ಯಾರು ಯಾವಾಗ ಲಾರಿಯಲ್ಲಿ ತಂದರು. ರಿಜಿಸ್ಟರಿನಲ್ಲಿ ಇಲ್ಲದ್ದೆಲ್ಲ ಅವರ ಹತ್ತಿರ ಇದೆ. ಅಷ್ಟರಲ್ಲಿ ಕಲ್ಲನ್ನು ಮಳೆಯಿಂದ ಒಳಗೆ ತನ್ನಿ, ನೇರ ನೆಲದ ಮೇಲೆ ಬೇಡ, ಮರದ ದಿಮ್ಮಿ ಮೇಲೆ ನಿಲ್ಲಿಸಿ.

ಕಲ್ಪತರು_ನಾಡು

ಮೂರು ವಾರ ಆಯಿತು, ಒಂದು ಅಪ್‌ಡೇಟ್. ಹಳ್ಳಿಯ ಅಜ್ಜಿಯೊಬ್ಬರು ಕಲ್ಲು ನಿಂತಿದ್ದದ್ದು ಕೆರೆ ಏರಿ ಮೇಲೆ ಅಂತ ಖಚಿತವಾಗಿ ಹೇಳಿದರು. ಇಲಾಖೆಗೆ ಪತ್ರ ಹೋಗಿದೆ.

ಆ ನಾಣ್ಯಗಳ ಬಗ್ಗೆ ಎರಡೂ ರಿಜಿಸ್ಟರಿನಲ್ಲಿ ಒಂದು ಸಾಲೂ ಇರಲಿಲ್ಲ. ನಿವೃತ್ತರಾದ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು "ಬಿಸ್ಕೆಟ್ ಟಿನ್ ಎಸೆದಿಲ್ಲ ತಾನೆ? ಮುಚ್ಚಳದ ಒಳಗಡೆ ನೋಡಪ್ಪ" ಅಂದರು. ಪೆನ್ಸಿಲ್‌ನಲ್ಲಿ ಊರು, ಸರ್ವೆ ನಂಬರ್, ಬಾವಿ ತೋಡುವಾಗ ಸಿಕ್ಕಿತು ಅಂತ, ತಾರೀಖು ಸಮೇತ ಬರೆದಿದೆ. ನಾವು ನಾಣ್ಯ ಹೊಸ ಡಬ್ಬಿಗೆ ಹಾಕಿ ಟಿನ್ನನ್ನು ಗುಜರಿಗೆ ಅಂತ ಬಾಗಿಲ ಹಿಂದೆ ಇಟ್ಟಿದ್ದೆವು!

ಉಗ್ರಾಣದವನು

ಬಾವಿಯಲ್ಲಿ ಸಿಕ್ಕಿದ್ದು ಅಂದರೆ ನಿಧಿ ಕಾಯ್ದೆ ವಿಷಯ, ಜಿಲ್ಲಾಧಿಕಾರಿಗೆ ತಿಳಿಸಿರಬೇಕು. ಆ ಪತ್ರದ ನಕಲು ಬೀರುವಿನಲ್ಲಿ ಇದೆಯಾ ಹುಡುಕಿ. ಮತ್ತೆ ಟಿನ್ನಿಗೂ ಒಂದು ನಂಬರ್ ಕೊಡಿ.

ಕಲ್ಪತರು_ನಾಡು

ಕೊಟ್ಟಾಯಿತು. ತಾ-41. ಮುಚ್ಚಳ 41-1.