ಮೆಕ್ಕೆಜೋಳ ಹಸಿಯಾಗಿಯೇ ಕೊಡೋದಾ, ಒಣಗಿಸಿ ಕೊಡೋದಾ?

ಜಗಳೂರು ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮದು ಜಗಳೂರು ಹತ್ತಿರ ಮಳೆ ನಂಬಿದ ಹೊಲ. ಜೂನ್ ಕೊನೆಗೆ ಬಿತ್ತಿದ ಮೆಕ್ಕೆಜೋಳ ಕೊಯ್ಲಿಗೆ ಬಂದಿದೆ. ಲದ್ದಿ ಹುಳು ಕಾಟ ಕೊಟ್ಟರೂ ತೆನೆ ಚೆನ್ನಾಗಿ ಕಟ್ಟಿದೆ. ಊರಿಗೆ ಬರುವ ವ್ಯಾಪಾರಿ ನಾಲ್ಕು ತೆನೆ ಬಿಡಿಸಿ ಮೀಟರಿಗೆ ಹಾಕಿದ. ತೇವ ಶೇಕಡ 20 ತೋರಿಸಿತು. ಒಕ್ಕಣೆ ಆದ ಕೂಡಲೇ ಕ್ವಿಂಟಲಿಗೆ 1,900ರಂತೆ ಕೊಡಿ ಅಂತಾನೆ. ಒಣಗಿಸಿ ದಾವಣಗೆರೆ ಎಪಿಎಂಸಿಗೆ ಹಾಕಿದರೆ 2,100 ಸಿಗಬಹುದು. ಅಪ್ಪ ಮಾತ್ರ ಹಸಿಯಾಗಿಯೇ ಕೊಡು, ತೂಕ ಬರುತ್ತೆ ಅಂತಾರೆ. ಏನು ಮಾಡಲಿ?

ಭರಮಸಾಗರದ ಅಕ್ಕ:
ತಮ್ಮಾ, ನಿಮ್ಮಪ್ಪನ ಮಾತು ಸುಮ್ನೆ ತಳ್ಳಿಹಾಕಬೇಡ. 100 ಕ್ವಿಂಟಲ್ ಅಂತ ಇಟ್ಕೋ. ತೇವ 20 ಇದ್ರೆ ಅದರಲ್ಲಿ 20 ಕ್ವಿಂಟಲ್ ನೀರೇ. 14ಕ್ಕೆ ಇಳಿಸಿದರೆ ತೂಕ 93ಕ್ಕೆ ಬರುತ್ತೆ. ಹಸಿಯದಕ್ಕೆ 1,90,000, ಒಣಗಿದ್ದಕ್ಕೆ 1,95,300. ಉಳಿಯೋದು 5,300. ಹರವೋ ಆಳು, ತಾಡಪಾಲು, ಟ್ರ್ಯಾಕ್ಟರ್ ಬಾಡಿಗೆ, ಹಮಾಲಿ ಎಲ್ಲಾ ಅದರಲ್ಲೇ ಆಗಬೇಕು!

ಬೆಂಬಲ ಬೆಲೆಯ ಲೆಕ್ಕ ಬೇರೆ. 2025-26ಕ್ಕೆ ಕ್ವಿಂಟಲಿಗೆ 2,400 ಇತ್ತು. ಆದರೆ ಖರೀದಿ ಕೇಂದ್ರದಲ್ಲಿ ತೇವ 14 ದಾಟಬಾರದು. ಹತ್ತಿರದಲ್ಲಿ ಕೇಂದ್ರ ತೆರೆದಿದ್ರೆ ಒಣಗಿಸು, ಅನುಮಾನವೇ ಬೇಡ.

ನನ್ನ ಕೇಳಿದ್ರೆ ಕಾಳನ್ನು ಒಣಗಿಸೋದಕ್ಕಿಂತ ತೆನೆಯನ್ನು ಗಿಡದಲ್ಲೇ ಒಣಗೋಕೆ ಬಿಡೋದು ಮೇಲು. ಒಂದು ಕಾಳು ಕಿತ್ತು ಬುಡ ನೋಡು. ಅಲ್ಲಿ ಕಪ್ಪು ಪದರ ಬಂದಿದ್ರೆ ಕಾಳು ಬಲಿತಿದೆ, ಇನ್ನು ತೂಕ ಕೂಡಲ್ಲ. ಆಮೇಲೆ ಇಳಿಯೋದು ತೇವ ಮಾತ್ರ. ಬಿಸಿಲಿದ್ರೆ ಬಿಡು, ಕೂಲಿ ಇಲ್ಲದೆ ಒಣಗುತ್ತೆ. ಹಂದಿ ಕಾಟ ಇದ್ರೆ, ಇಲ್ಲಾ ದೀಪಾವಳಿ ಹೊತ್ತಿನ ಮೋಡ ಕವಿದಿದ್ರೆ ಮುರಿದು ತಂದು, ಸಿಪ್ಪೆ ಸುಲಿದು, ತೆನೆಯನ್ನೇ ಕಣದಲ್ಲಿ ಹರವು. ಹಸಿ ಇರುವಾಗ ಮಷಿನ್‌ಗೆ ಕೊಟ್ಟರೆ ಕಾಳು ಒಡೆಯುತ್ತೆ. ಬೂಷ್ಟು ಮೊದಲು ಹಿಡಿಯೋದು ಒಡೆದ ಕಾಳಿಗೇ.

ಹೆದ್ದಾರಿ ಸರ್ವಿಸ್ ರಸ್ತೆಗೆ ಮಾತ್ರ ಸುರಿಯಬೇಡ. ಕಲ್ಲು ಸೇರುತ್ತೆ. ರಾತ್ರಿ ಬೈಕಿನವರು ಆ ರಾಶಿ ಮೇಲೆ ಜಾರಿ ಬೀಳ್ತಾರೆ, ನಮ್ಮವರಿಗೆ ಎಷ್ಟು ಹೇಳಿದ್ರೂ ಅಷ್ಟೇ.

ಹರಿಹರದವನು:
ನಾನು ಮೆಕ್ಕೆಜೋಳದಿಂದ ಸ್ಟಾರ್ಚ್ (ಪಿಷ್ಟ) ತೆಗೆಯುವ ಕಾರ್ಖಾನೆಯಲ್ಲಿ ಕೆಲಸ ಮಾಡಿದವನು. ಅಕ್ಕ ಹೇಳಿದ್ದು ಸರಿ. ಡ್ರೈಯರ್ ಬಾಡಿಗೆಗೆ ಸಿಕ್ಕರೂ ಶಾಖ ಜಾಸ್ತಿ ಕೊಡಿಸಬೇಡಿ. ನಾವು ಕಾಳನ್ನು ಸುಮಾರು 50 ಡಿಗ್ರಿ ಬಿಸಿ ನೀರಲ್ಲಿ, ಸ್ವಲ್ಪ ಸಲ್ಫರ್ ಡೈಆಕ್ಸೈಡ್ ಸೇರಿಸಿ, ಒಂದೂವರೆ ದಿನ ನೆನೆಸುತ್ತೇವೆ. ಆಮೇಲೆ ದಪ್ಪಗೆ ಅರೆದರೆ ಎಣ್ಣೆ ಇರುವ ಮೊಳಕೆ ಭಾಗ ಹಗುರ, ತೇಲಿ ಬೇರೆಯಾಗುತ್ತೆ. ಜರಡಿಯಲ್ಲಿ ನಾರು ಹೋಗುತ್ತೆ. ಕೊನೆಗೆ ಗಿರಗಿರ ತಿರುಗುವ ಯಂತ್ರದಲ್ಲಿ ಹಳದಿ ಗ್ಲುಟೆನ್ (ಕಾಳಿನ ಪ್ರೋಟೀನ್), ಬಿಳಿ ಸ್ಟಾರ್ಚ್ ಬೇರೆಬೇರೆ. ಅತಿ ಶಾಖಕ್ಕೆ ಸಿಕ್ಕ ಕಾಳಿನಲ್ಲಿ ಇವೆರಡು ಬಿಡಿಸಿಕೊಳ್ಳೋದೇ ಇಲ್ಲ, ಸ್ಟಾರ್ಚ್ ಕಮ್ಮಿ ಬರುತ್ತೆ.

ಇನ್ನು ಬೂಷ್ಟು ಹಿಡಿದ ಮಾಲಿನಲ್ಲಿ ಅಫ್ಲಾಟಾಕ್ಸಿನ್ ವಿಷ ಇರಬಹುದು. ಅದು ಕೋಳಿಯ ಲಿವರಿಗೆ ಕೆಟ್ಟದ್ದು. ಕೋಳಿ ಆಹಾರದವರು ಮುಟ್ಟೋದಿಲ್ಲ.

ಜಗಳೂರು ಹುಡುಗ:
ಕಪ್ಪು ಪದರ ಬಂದಿದೆ ಅಕ್ಕ, ಈಗಷ್ಟೇ ನೋಡಿ ಬಂದೆ. ಬಿಸಿಲೂ ಇದೆ. ಹಾಗಾದ್ರೆ ಬಿಡ್ತೀನಿ. ವ್ಯಾಪಾರಿ ಮೀಟರ್ ಬಿಟ್ಟು ಮನೇಲೇ ತೇವ ನೋಡೋಕೆ ದಾರಿ ಇದೆಯಾ?

ಭರಮಸಾಗರದ ಅಕ್ಕ:
ಇದೆ. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಗೆ ಕಾಳು ಹಾಕಿ, ಮೇಲೆ ಒಣ ಪುಡಿಯುಪ್ಪು ಹಾಕಿ ಅಲ್ಲಾಡಿಸು. ಸ್ವಲ್ಪ ಹೊತ್ತು ಬಿಟ್ಟು ನೋಡು. ಉಪ್ಪು ಗಾಜಿಗೆ ಅಂಟಿದ್ರೆ ತೇವ 15ಕ್ಕಿಂತ ಜಾಸ್ತಿ ಇದೆ. ಒಂದೇ ಕಡೆಯ ತೆನೆ ತರಬೇಡ. ಬದುವಿನ ಸಾಲಿನದ್ದು ಬೇಗ ಒಣಗಿರುತ್ತೆ, ನಡುಹೊಲದ್ದೂ ಸೇರಿಸಿ ನೋಡು.