ಅಳಿವೆಗೂ ಹೊಳೆಗೂ ಒಂದೇ ರೀಲ್ ಸಾಕಾ?

ಪ್ರಶ್ನೆ, ಹೆಜಮಾಡಿಯಿಂದ:

ಎಲ್ಲರಿಗೂ ನಮಸ್ಕಾರ. ಸಣ್ಣಂದಿನಿಂದ ಕೈಗಾಳ ಹಾಕಿ ಅಭ್ಯಾಸ. ಈಗ ರಾಡು, ಲೈನ್ (ಗಾಳದ ನೂಲು) ಸುತ್ತುವ ರೀಲು ತಗೊಳ್ಳಬೇಕು ಅಂತ ಮನಸ್ಸಾಗಿದೆ. ಜಾಸ್ತಿ ಹೋಗುವುದು ಸಸಿಹಿತ್ಲು ಅಳಿವೆಗೆ, ಆಗಾಗ ಕಾಪು ಲೈಟ್‌ಹೌಸ್ ಹತ್ತಿರದ ಬಂಡೆಗಳಿಗೆ. ಅಜ್ಜಿ ಮನೆ ಬಂಟ್ವಾಳದಲ್ಲಿ, ಅಲ್ಲಿಗೆ ಹೋದರೆ ನೇತ್ರಾವತಿ ಬದಿಗೆ. ಅಂಗಡಿಯಲ್ಲಿ 1000ದಿಂದ 8000ದವರೆಗೆ ನಂಬರ್ ಇರುವ ರೀಲ್ ತೋರಿಸಿದರು. ಒಂದರಲ್ಲಿ ಬೇರಿಂಗ್ ಜಾಸ್ತಿ, ಇನ್ನೊಂದರಲ್ಲಿ ಡ್ರ್ಯಾಗ್ ಜಾಸ್ತಿ ಅಂದರು, ಏನೂ ತಲೆಗೆ ಹೋಗಲಿಲ್ಲ. ಬಜೆಟ್ ಐದಾರು ಸಾವಿರ. ಉಪ್ಪು ನೀರಿಗೊಂದು, ಸಿಹಿ ನೀರಿಗೊಂದು ಅಂತ ಎರಡು ತಗೊಳ್ಳಲೇಬೇಕಾ? ಬಳಸಿದವರು ಹೇಳಿ.

ಮಲ್ಪೆಯಿಂದ:

ಎರಡು ಬೇಡ. ಒಂದೇ ತಗೊಳ್ಳಿ, ಆದರೆ ಸಮುದ್ರಕ್ಕೆ ಆಗುವುದನ್ನು ತಗೊಳ್ಳಿ. ಉಪ್ಪು ತಡೆಯುವ ರೀಲ್ ಹೊಳೆಯಲ್ಲಿ ಆರಾಮಾಗಿ ನಡೆಯುತ್ತದೆ. ಹೊಳೆಗೆಂದೇ ಮಾಡಿದ ರೀಲನ್ನು ಅಳಿವೆಗೆ ತಂದರೆ ಬೇಗ ಹ್ಯಾಂಡಲ್ ಗರಗರ ಅನ್ನಲು ಶುರುವಾಗುತ್ತದೆ.

ಮೊದಲ ರೀಲ್ ಅಂದರೆ ರಾಡಿನ ಅಡಿಗೆ ನೇತಾಡುವ ಸ್ಪಿನ್ನಿಂಗ್ ರೀಲೇ ಇರಲಿ. ಕಲಿಯುವುದು ಸುಲಭ, ಎದುರು ಗಾಳಿಯಲ್ಲೂ ಎಸೆಯಬಹುದು. ಸೈಜ್ ವಿಷಯಕ್ಕೆ ಬಂದರೆ, 1000ದಿಂದ 2500 ತನಕದ್ದು ಹೊಳೆ, ಕೆರೆಯ ಸಣ್ಣ ಮೀನಿಗೆ. 3000, 4000 ನಡುವಿನದ್ದು, ಎಲ್ಲದಕ್ಕೂ ಆಗುತ್ತದೆ. 5000, 6000 ಬಂಡೆಯ ಮೇಲೆ ನಿಂತು ಭಾರದ ಸ್ಪೂನ್ (ಹೊಳೆಯುವ ಲೋಹದ ಹುಸಿ ಎರೆ) ದೂರ ಎಸೆಯುವವರಿಗೆ. 8000 ನಿಮಗೆ ಬೇಡವೇ ಬೇಡ, ಕೈ ಸೋತುಹೋಗುತ್ತದೆ. ನೀವು ಹೇಳಿದ ಮೂರು ಜಾಗಕ್ಕೂ 4000 ಸರಿ. ಅದಕ್ಕೆ ಎಂಟು ಒಂಬತ್ತು ಅಡಿಯ ರಾಡು. ಆದರೆ ಒಂದು ಕಂಪನಿಯ 4000 ಇನ್ನೊಂದು ಕಂಪನಿಯ 4000ದಷ್ಟೇ ದೊಡ್ಡದು ಅಂತ ಇಲ್ಲ, ಹಾಗಾಗಿ ನಂಬರ್ ಬಿಟ್ಟು ತೂಕ ಎಷ್ಟು, ಸ್ಪೂಲಿನಲ್ಲಿ ಎಷ್ಟು ಲೈನ್ ಹಿಡಿಯುತ್ತದೆ ಅಂತ ಡಬ್ಬದ ಮೇಲೆ ಓದಿ.

ಬೇರಿಂಗ್ ಲೆಕ್ಕಕ್ಕೆ ಮರುಳಾಗಬೇಡಿ. ಹದಿಮೂರು ಕಳಪೆ ಬೇರಿಂಗ್‌ಗಿಂತ ಐದು ಒಳ್ಳೆಯ ಬೇರಿಂಗ್ ಮೇಲು. ಸಮುದ್ರದ ಹತ್ತಿರ ಅಂತೂ ಪ್ರತಿ ಬೇರಿಂಗೂ ತುಕ್ಕು ಹಿಡಿಯುವ ಇನ್ನೊಂದು ಜಾಗ.

ಉಳ್ಳಾಲದಿಂದ:

ಮೇಲಿನವರು ಹೇಳಿದ್ದು ಒಪ್ಪುತ್ತೇನೆ, ಆದರೆ ಕಾಪು ಬಂಡೆಗೆ 5000 ಇದ್ದರೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಅಲ್ಲಿ ಕೆಂಬೇರಿ ಮೀನು ಕಚ್ಚಿದ ಕೂಡಲೇ ಕಲ್ಲಿನ ಸಂದಿಗೆ ನುಗ್ಗುತ್ತದೆ, ಆ ಎರಡು ಕ್ಷಣದಲ್ಲಿ ತಡೆದು ನಿಲ್ಲಿಸಲು ರೀಲಿಗೆ ಬಲ ಬೇಕು.

ಇನ್ನು ಡ್ರ್ಯಾಗ್. ಮೀನು ಎಳೆದಾಗ ಸ್ಪೂಲ್ ಜಾರಿ ಲೈನ್ ಬಿಟ್ಟುಕೊಡುವ ಬ್ರೇಕ್ ಅದು. ಡಬ್ಬದ ಮೇಲೆ 15 ಕೆಜಿ, 18 ಕೆಜಿ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಯಾರಿಗೆ ಬೇಕು ಅದು? ಲೈನ್ ತಡೆಯುವ ಭಾರದ ಕಾಲು ಭಾಗದಿಂದ ಮೂರನೇ ಒಂದು ಭಾಗಕ್ಕೆ ಡ್ರ್ಯಾಗ್ ಇಡುವುದು ಕ್ರಮ. 20 ಪೌಂಡಿನ ಲೈನ್ ಅಂದರೆ ಸುಮಾರು 9 ಕೆಜಿ, ಡ್ರ್ಯಾಗ್ ಎರಡೂವರೆ ಮೂರು ಕೆಜಿಗೆ ಬಂತು. ಗಂಟು ಹಾಕಿದ ಜಾಗದಲ್ಲಿ ಲೈನಿನ ಬಲ ಕಡಿಮೆ ಇರುತ್ತದೆ, ರಾಡಿನ ರಿಂಗುಗಳಲ್ಲಿ ಉಜ್ಜುವುದೂ ಸೇರುತ್ತದೆ, ಅದಕ್ಕೇ ಇಷ್ಟು ಬಿಟ್ಟು ಇಡುವುದು. ಬ್ಯಾಗ್ ತೂಗುವ ಕೈತಕ್ಕಡಿ ಇದ್ದರೆ ಲೈನಿನ ತುದಿ ಅದಕ್ಕೆ ಕಟ್ಟಿ, ರಾಡು ಬಗ್ಗಿಸಿ ಎಳೆದು ನೋಡಿ ಹೊಂದಿಸಿ.

ಅಂಗಡಿಯಲ್ಲಿ ನೋಡಬೇಕಾದ್ದು ಡ್ರ್ಯಾಗ್ ಶುರುವಾಗುವ ರೀತಿ. ಅರ್ಧ ಬಿಗಿ ಮಾಡಿ ಸ್ಪೂಲಿನಿಂದ ಲೈನನ್ನು ಕೈಯಲ್ಲಿ ನಿಧಾನ ಎಳೆಯಿರಿ. ಒಂದೇ ಸಮನೆ ಬರಬೇಕು. ಮೊದಲು ಹಿಡಿದುಕೊಂಡು ಆಮೇಲೆ ಜರ್ಕ್ ಹೊಡೆದು ಬಿಟ್ಟರೆ ಆ ರೀಲ್ ಅಲ್ಲೇ ಇಟ್ಟು ಬನ್ನಿ. ದೊಡ್ಡ ಮೀನು ಓಡಲು ಶುರು ಮಾಡಿದಾಗ ಲೈನ್ ತುಂಡಾಗುವುದು ಆ ಜರ್ಕಿಗೇ.

ಪುತ್ತೂರಿನಿಂದ:

ನಾನು ಪೂರ್ತಿ ಸಿಹಿ ನೀರಿನವನು, ಆ ಲೆಕ್ಕದಲ್ಲಿ ಹೇಳುತ್ತೇನೆ. ಹೊಳೆಯಲ್ಲಿ ದಿನವಿಡೀ ಎಸೆಯುವುದು, ಎಳೆಯುವುದು, ಮತ್ತೆ ಎಸೆಯುವುದು. 5000 ರೀಲ್ ಹಿಡಿದು ಹಾಗೆ ಮಾಡಿದರೆ ಸಂಜೆಗೆ ಮಣಿಕಟ್ಟು ನೋವು. ನಿಮಗೆ ಹೊಳೆ ಅಪರೂಪ ಆದ್ದರಿಂದ 4000ದಲ್ಲೇ ಸುಧಾರಿಸಿ. ಹೊಳೆಯೇ ಮುಖ್ಯ ಆಗಿದ್ದರೆ 2500 ಸಾಕು ಅನ್ನುತ್ತಿದ್ದೆ. ಕೊರವ ಮೀನಿಗೆ ಕಪ್ಪೆ ಲೂರ್ (ಕಪ್ಪೆಯಂಥ ಹುಸಿ ಎರೆ) ಹಾಕುವವರು ಬೈಟ್‌ಕಾಸ್ಟರ್ (ರಾಡಿನ ಮೇಲೆ ಕೂರುವ, ಎಸೆಯುವಾಗ ಸ್ಪೂಲೇ ತಿರುಗುವ ರೀಲ್) ಇಷ್ಟಪಡುತ್ತಾರೆ. ಕಳೆ, ತಾವರೆ ಎಲೆ ನಡುವಿನಿಂದ ಎಳೆದು ತೆಗೆಯಲು ಅದು ತುಂಬಾ ಒಳ್ಳೆಯದು. ಆದರೆ ಎಸೆಯುವಾಗ ಹೆಬ್ಬೆರಳಿನಿಂದ ಸ್ಪೂಲ್ ತಡೆಯುವ ಅಭ್ಯಾಸ ಆಗದಿದ್ದರೆ ಲೈನ್ ಪೂರ್ತಿ ಗೋಜಲು. ಮೊದಲ ರೀಲಿಗೆ ಬೇಡ.

ಮತ್ತೆ ಒಂದು ಮಾತು, ಯಾರೂ ಕೇಳದಿದ್ದರೂ. ಶಿಶಿಲದ ಮತ್ಸ್ಯತೀರ್ಥದಂಥ ಕಡೆ ರಾಡು ಹಿಡಿದು ಹೋಗಲೇಬೇಡಿ. ಅಲ್ಲಿಯದು ದೇವರ ಮೀನು.

ಮಂಗಳೂರಿನಿಂದ, ರೀಲ್ ಬಿಚ್ಚಿ ರಿಪೇರಿ ಮಾಡುವವನು:

ಎಲ್ಲರೂ ಗೇರಿನ ಬಗ್ಗೆ ಕೇಳುತ್ತಾರೆ. ನನ್ನ ಕೈಗೆ ಬರುವ ರೀಲುಗಳಲ್ಲಿ ಹೆಚ್ಚಾಗಿ ಮೊದಲು ಸತ್ತಿರುವುದು ಲೈನ್ ರೋಲರ್. ಸ್ಪೂಲಿನ ಸುತ್ತ ತಿರುಗಿ ಲೈನ್ ಸುತ್ತುವ ಬೇಲ್ ಕಂಬಿಯ ತುದಿಯಲ್ಲಿ ಲೈನ್ ತಿರುಗಿ ಸ್ಪೂಲಿಗೆ ಹೋಗುವ ಜಾಗದಲ್ಲಿ ಒಂದು ಪುಟ್ಟ ಚಕ್ರ ಇದೆಯಲ್ಲ, ಅದೇ. ಅದರೊಳಗಿನ ಬೇರಿಂಗಿಗೆ ಉಪ್ಪು ನೀರು ಇಳಿದು ಒಣಗುತ್ತದೆ. ಬಿಚ್ಚಿದರೆ ಸುತ್ತ ಬಿಳಿ ಪುಡಿ, ಒಳಗೆ ಕಂದು ತುಕ್ಕು. ಚಕ್ರ ತಿರುಗುವುದು ನಿಂತ ಮೇಲೆ ಬ್ರೇಡ್ (ಎಳೆಗಳನ್ನು ಹೆಣೆದ ಲೈನ್) ಒಂದೇ ಜಾಗದಲ್ಲಿ ಉಜ್ಜುತ್ತಾ ಲೋಹದಲ್ಲೇ ಗೆರೆ ಕೊರೆಯುತ್ತದೆ. ಆಮೇಲೆ ಆ ಗೆರೆಯೇ ಲೈನನ್ನು ಕತ್ತರಿಸುತ್ತದೆ. ಮನೆಯಲ್ಲೇ ನೋಡಬಹುದು: ಲೈನ್ ಬಿಗಿ ಹಿಡಿದು ನಿಧಾನ ಸುತ್ತಿ, ರೋಲರ್ ತಿರುಗುತ್ತದಾ ಅಂತ ಕಣ್ಣಿಟ್ಟು ನೋಡಿ. ಆಗಾಗ ಒಂದು ಹನಿ ಎಣ್ಣೆ ಬಿಟ್ಟರೆ ವರ್ಷಗಟ್ಟಲೆ ಬರುತ್ತದೆ.

ಬಾಡಿ ವಿಷಯ. ಗ್ರಾಫೈಟ್ ಬಾಡಿ ಹಗುರ, ತುಕ್ಕು ಹಿಡಿಯುವುದಿಲ್ಲ, ಆದರೆ ಭಾರದ ಮೀನು ಎಳೆದಾಗ ಸ್ವಲ್ಪ ಬಾಗುತ್ತದೆ, ಗೇರ್ ಹಲ್ಲು ಸರಿಯಾಗಿ ಕೂರುವುದಿಲ್ಲ. ಲೋಹದ ಬಾಡಿ ಬಾಗುವುದಿಲ್ಲ. ಶಿಮಾನೋ ಸಿಯೆನ್ನಾ ಗ್ರಾಫೈಟ್, ಹೊಳೆಗೆ ಚೆನ್ನಾಗಿದೆ. ಪೆನ್ ಬ್ಯಾಟಲ್, ಡೈವಾ ಬಿಜಿ ಲೋಹದ್ದು, ಬಂಡೆಗೆ, ಅಳಿವೆಗೆ ಇವೇ ಸರಿ. ಪೆನ್ ಸ್ಪಿನ್‌ಫಿಷರ್‌ನಲ್ಲಿ ನೀರು ಒಳಗೆ ಹೋಗದಂತೆ ಸೀಲ್ ಇದೆ, ಅಲೆ ಮೈಮೇಲೆ ಬೀಳುವಲ್ಲಿ ನಿಲ್ಲುವವರಿಗೆ ಅದು. ನಿಮ್ಮ ಬಜೆಟ್ಟಿಗೆ ಲೋಹದ ಬಾಡಿ ಸಿಗದಿದ್ದರೆ ಎರಡು ತಿಂಗಳು ಕಾದು ಇನ್ನೊಂದಿಷ್ಟು ಸೇರಿಸಿ ತಗೊಳ್ಳಿ ಮಾರಾಯ್ರೆ, ರಾಡು ಬೇಕಾದರೆ ಸಾದಾ ಇರಲಿ.

ಕುಂದಾಪುರದಿಂದ:

ಗೇರ್ ರೇಶಿಯೋ ಯಾರೂ ಹೇಳಲಿಲ್ಲ. 5.2:1 ಅಂದರೆ ಹ್ಯಾಂಡಲ್ ಒಂದು ಸುತ್ತಿಗೆ ರೋಟರ್ (ಬೇಲ್ ಕಂಬಿ ಇರುವ, ಸ್ಪೂಲಿನ ಸುತ್ತ ತಿರುಗುವ ಭಾಗ) ಐದು ಚಿಲ್ಲರೆ ಸುತ್ತು. 6ರ ಮೇಲಿನದ್ದು ಬೇಗ ಎಳೆಯುತ್ತದೆ, 4000ದಲ್ಲಿ ಒಂದು ಸುತ್ತಿಗೆ ಹತ್ತಿರ ಹತ್ತಿರ ಒಂದು ಮೀಟರ್. ಅಂಜಲ್‌ನಂಥ ಓಡುವ ಮೀನಿಗೆ ಸ್ಪೂನ್ ಜೋರಾಗಿ ಎಳೆಯಲು ಅದು ಬೇಕು. ಅಳಿವೆಯಲ್ಲಿ ಸಿಗಡಿ ಸಿಕ್ಕಿಸಿ ಕೂರುವವರಿಗೆ 5ರದ್ದೇ ಸಾಕು, ಭಾರ ಎಳೆಯಲು ಸುಲಭ. ಬೋಟಿನಲ್ಲಿ ಹೋಗಿ ಆಳಕ್ಕೆ ಜಿಗ್ (ಭಾರದ ಹುಸಿ ಎರೆ) ಬಿಡುವವರ ರೀಲುಗಳೇ ಬೇರೆ, ಆ ಮಾತು ಇಲ್ಲಿ ಬೇಡ.

ಹೆಜಮಾಡಿಯಿಂದ, ಕೇಳಿದವನು:

ತುಂಬಾ ಉಪಕಾರ ಆಯಿತು. 4000, ಲೋಹದ ಬಾಡಿ ಅಂತ ಗಟ್ಟಿ ಮಾಡಿದೆ, ಕಾದೇ ತಗೊಳ್ಳುತ್ತೇನೆ. ಲೈನ್ ಯಾವುದು? ಮತ್ತೆ ಮನೆಗೆ ಬಂದು ತೊಳೆಯುವುದು ಹೇಗೆ, ಬಕೆಟ್ಟಿನಲ್ಲಿ ಅದ್ದಿ ಇಟ್ಟರೆ ಆಗುತ್ತದಾ?

ಉಳ್ಳಾಲದಿಂದ:

20ರಿಂದ 30 ಪೌಂಡಿನ ಬ್ರೇಡ್ ಹಾಕಿ. ಅಡಿಗೆ ಒಂದಿಷ್ಟು ನೈಲಾನ್ ಲೈನ್ ಸುತ್ತಿ ಅದರ ಮೇಲೆ ಬ್ರೇಡ್, ಇಲ್ಲದಿದ್ದರೆ ಇಡೀ ಬ್ರೇಡ್ ಸ್ಪೂಲಿನ ಮೇಲೆ ಜಾರುತ್ತದೆ, ಡ್ರ್ಯಾಗೇ ಹಾಳಾಗಿದೆ ಅಂತ ಅನಿಸುತ್ತದೆ. ಸ್ಪೂಲಿನ ಅಂಚಿಗಿಂತ ಎರಡು ಮಿಲಿಮೀಟರ್ ಕೆಳಗೆ ನಿಲ್ಲಿಸಿ. ತುದಿಗೆ 30, 40 ಪೌಂಡಿನ ದಪ್ಪ ಲೀಡರ್ (ಗಾಳಕ್ಕೂ ಬ್ರೇಡಿಗೂ ನಡುವಿನ ತುಂಡು ಲೈನ್) ಕಡ್ಡಾಯ. ಬಂಡೆಗೆ ಅಂಟಿದ ಪಚ್ಚಿಲೆ ಚಿಪ್ಪಿಗೆ ಬ್ರೇಡ್ ತಾಗಿದರೆ ಕಚಕ್ಕಂತ ಹೋಗುತ್ತದೆ. ಎಸೆದ ಮೇಲೆ ಬೇಲನ್ನು ಕೈಯಲ್ಲೇ ಮುಚ್ಚಿ, ಹ್ಯಾಂಡಲ್ ತಿರುಗಿಸಿ ಮುಚ್ಚುವುದು ಬೇಡ. ಲೈನ್ ತಿರುಚಿಕೊಳ್ಳುವುದು ಕಡಿಮೆ ಆಗುತ್ತದೆ.

ಮಂಗಳೂರಿನಿಂದ:

ಬಕೆಟ್ಟಿನಲ್ಲಿ ಅದ್ದಬೇಡಿ! ಪೈಪಿನ ಜೋರು ನೀರೂ ಬೇಡ, ಹೊರಗಿನ ಉಪ್ಪು, ಮರಳನ್ನು ಅದೇ ಒಳಗೆ ತಳ್ಳುತ್ತದೆ. ಡ್ರ್ಯಾಗ್ ಬಿಗಿ ಮಾಡಿ, ನಲ್ಲಿಯ ಸಿಹಿ ನೀರು ಸಣ್ಣಗೆ ಬಿಟ್ಟು ಹ್ಯಾಂಡಲ್ ತಿರುಗಿಸುತ್ತಾ ತೊಳೆಯಿರಿ. ಬೈರಾಸಿನಲ್ಲಿ ಒರೆಸಿ ನೆರಳಲ್ಲಿ ಒಣಗಿಸಿ. ಒಣಗಿದ ಮೇಲೆ ಡ್ರ್ಯಾಗ್ ಪೂರ್ತಿ ಸಡಿಲ ಮಾಡಿ ಇಡಿ, ಬಿಗಿಯಾಗಿಯೇ ಬಿಟ್ಟರೆ ಒಳಗಿನ ವಾಷರ್ ಒತ್ತಿ ಹಾಳಾಗುತ್ತದೆ. ಮರಳ ಮೇಲೆ ರೀಲ್ ಇಡುವ ಅಭ್ಯಾಸ ಮಾತ್ರ ಬೇಡ, ಸಸಿಹಿತ್ಲಿನಲ್ಲಿ ರಾಡ್ ಊರಲು ಒಂದು ಪಿವಿಸಿ ಪೈಪಿನ ತುಂಡು ಒಯ್ದರೆ ಸಾಕು.

ಮಲ್ಪೆಯಿಂದ:

ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳೇ ಕಡಲಿಗೆ ಇಳಿಯುವ ಹಾಗಿಲ್ಲ. ಆಗ ಕಾಪು ಬಂಡೆಗೆ ಹೋಗಬೇಡಿ, ಅಲೆ ಹೇಳಿ ಬರುವುದಿಲ್ಲ. ಆ ಸಮಯದಲ್ಲಿ ಹೊಸ ರೀಲಿನಲ್ಲಿ ಎಸೆದು ಕಲಿಯಲು ಗದ್ದೆ ಬಯಲು ಸಾಕು, ಗಾಳ ತೆಗೆದು ಬರೀ ಸೀಸದ ತೂಕ ಕಟ್ಟಿಕೊಳ್ಳಿ.