ಸಹಾಯ ಬೇಕು: ಟರ್ಮಿನಲ್‌ನಲ್ಲಿ ಕಂಟ್ರೋಲ್ ಎಸ್ ಒತ್ತಿದ್ರೆ ಪರದೆ ನಿಂತುಬಿಡುತ್ತೆ
ಎಲ್ಲರಿಗೂ ನಮಸ್ಕಾರ. ಉಬುಂಟು ಲಿನಕ್ಸ್‌ನಲ್ಲಿ ಬ್ಯಾಶ್ (ಟರ್ಮಿನಲ್‌ನಲ್ಲಿ ಹೊಡೆದ ಕಮಾಂಡ್ ನಡೆಸೋ ಶೆಲ್ ಪ್ರೋಗ್ರಾಂ) ಬಳಸ್ತೀನಿ. ಹಳೇ ಕಮಾಂಡ್ ಹುಡುಕೋಕೆ ಕಂಟ್ರೋಲ್ ಆರ್ ಇಲ್ದಿದ್ರೆ ನಂಗೆ ಕೈಯೇ ಓಡಲ್ಲ. ಒಂದೆರಡು ಅಕ್ಷರ ಹೊಡೆದು ಮತ್ತೆ ಮತ್ತೆ ಅದನ್ನೇ ಒತ್ತಿದ್ರೆ ಹಿಂದಿನವು ಒಂದೊಂದಾಗಿ ಬರ್ತವೆ. ಆದ್ರೆ ಬೇಕಾದ್ದನ್ನ ದಾಟಿ ಹೋದಾಗ ವಾಪಸ್ ಬರೋಕೆ ಕಂಟ್ರೋಲ್ ಎಸ್ ಒತ್ತಿದ್ರೆ ಪರದೆ ಅಲ್ಲೇ ನಿಂತುಬಿಡುತ್ತೆ, ಏನು ಟೈಪ್ ಮಾಡಿದ್ರೂ ಕಾಣಲ್ಲ. ಕಂಟ್ರೋಲ್ ಕ್ಯೂ ಒತ್ತಿದ ಮೇಲೇ ಜೀವ ಬರೋದು. ಇದು ಹಳೇ ಕಾಲದ ಟರ್ಮಿನಲ್‌ಗಳಲ್ಲಿ ಔಟ್‌ಪುಟ್ ತಡೆಯೋಕಿದ್ದ ಫ್ಲೋ ಕಂಟ್ರೋಲ್ ಅಂತ ಗೊತ್ತು.

‘ಎಸ್‌ಟಿಟಿವೈ ಮೈನಸ್ ಇಕ್ಸಾನ್’ ಅನ್ನೋ, ಈ ಫ್ಲೋ ಕಂಟ್ರೋಲ್ ಆಫ್ ಮಾಡೋ ಕಮಾಂಡ್ ಕೊಟ್ರೆ ಸರಿಹೋಗುತ್ತೆ, ಆದ್ರೆ ಟರ್ಮಿನಲ್ ಮುಚ್ಚಿ ತೆಗೆದ್ರೆ ಮತ್ತೆ ಅದೇ ಕಥೆ. ಈ ಸಾಲನ್ನ ಬ್ಯಾಶ್‌ಆರ್‌ಸಿ ಫೈಲಿಗೆ (ಬ್ಯಾಶ್ ಶುರುವಾದಾಗ ಓದೋ ಸೆಟ್ಟಿಂಗ್ ಫೈಲು) ಹಾಕಬಹುದು, ಆದ್ರೆ ಸರ್ವರ್‌ನಲ್ಲೂ ಹಾಕಿದ್ರೆ ಎಸ್‌ಸಿಪಿ (ನೆಟ್‌ವರ್ಕ್ ಮೂಲಕ ಫೈಲ್ ಕಾಪಿ) ಮಾಡುವಾಗ ಎರರ್ ಬರಬಾರ್ದು. ನಾನೇ ಕೂತು ಕಮಾಂಡ್ ಹೊಡೆಯೋ ಇಂಟರ್ಯಾಕ್ಟಿವ್ ಶೆಲ್‌ಗೆ ಮಾತ್ರ ಅನ್ವಯಿಸೋ ಹಾಗೆ ಹೇಗೆ ಬರೀಬೇಕು? ಗೊತ್ತಿರೋರು ದಯವಿಟ್ಟು ತಿಳಿಸಿ.